ಬೇಹಿನಿಂದ ರಾಜ್ಯಭಾರಕ್ಕೆ

ರಾಯಚೂರಿನಿಂದ ಮಂತ್ರಾಲಯಕ್ಕೆ ಹೊರಟ ಬಸ್ಸು ಗಿಲ್ಲೇಸುಗೂರನ್ನು ಹಿಂದಿಕ್ಕಿ ತುಂಗಭದ್ರೆಯ ಸೇತುವೆಯನ್ನೇರಿತೆಂದರೆ, ಅದುವರೆಗೆ ಚಿಲ್ಲರೆಗಾಗಿ ಕಂಡಕ್ಟರನೊಡನೆ ವಾದಿಸುತ್ತಿದ್ದವರೂ ಮಾತು ನಿಲ್ಲಿಸಿ ಕೈಜೋಡಿಸುತ್ತಾರೆ. ಅವರಲ್ಲಿ ಮಾನ್ವಿಯಿಂದ ಹರಕೆ ತೀರಿಸಲು ಹೊರಟ ಸಂಸಾರವಿರುತ್ತದೆ. ದೇವದುರ್ಗದಿಂದ ನಸುಕಿನಲ್ಲೇ ಹೊರಟು ರಾಯಚೂರಿನಲ್ಲಿ ಬಸ್ಸು ಬದಲಿಸಿದ ಮುದುಕಿಯಿರುತ್ತಾಳೆ. ಇಂಥ ಗುಂಪಿನಲ್ಲಿ ಒಬ್ಬರಾದರೂ ಹಿರಿಯರು, ಪಕ್ಕದಲ್ಲಿ ಕುಳಿತ ಮೊಮ್ಮಕ್ಕಳಿಗೆ, ರಾಯರು ಬೃಂದಾವನದೊಳಗಿನಿಂದಲೇ ಒಬ್ಬ ಇಂಗ್ಲಿಷ್ ದೊರೆಯೊಡನೆ ಮಾತನಾಡಿದ ಕಥೆಯನ್ನು ಹೇಳದೆ ಬಿಡುವುದಿಲ್ಲ. ಆ ದೊರೆಯ ಹೆಸರು ಮನ್ರೋ ಎಂಬುದು ಮಕ್ಕಳಿಗೂ ಬಾಯಿಪಾಠ.

ಆದರೆ ಆ ಮನ್ರೋ ದೊರೆ ಕಲೆಕ್ಟರನಾಗುವುದಕ್ಕೆ ಮೊದಲು ಏನಾಗಿದ್ದನೆಂಬುದನ್ನು ಹೇಳುವ ಹಿರಿಯರು ಕಡಮೆ. ಆತ ಬೇಹುಗಾರಿಕೆಯ ಇಲಾಖೆಯಲ್ಲಿ ಪಳಗಿ ಬಂದವನು. ಟೀಪು ಸುಲ್ತಾನನ ರಾಜ್ಯದ ಗಡಿಯಲ್ಲಿ ಕುಳಿತು, ಆ ರಾಜ್ಯದೊಳಗಿನ ಸುದ್ದಿಯನ್ನು ಕಲೆಹಾಕುವುದೇ ಅವನ ಉದ್ಯೋಗವಾಗಿತ್ತು. ಅಲ್ಲಿಂದ ಹೊರಟವನು ಮದರಾಸಿನ ಗವರ್ನರನ ಪೀಠದವರೆಗೆ ಏರಿದನು. ಬೇಹುಗಾರನೊಬ್ಬನು ರಾಜಕಾರಣಕ್ಕೆ ಇಳಿದರೆ ಹಳೆಯ ಕಸುಬನ್ನು ಬಾಗಿಲಾಚೆ ಬಿಟ್ಟು ಬರುತ್ತಾನೆಯೆ, ಅಥವಾ ಅದನ್ನೇ ಬೇರೊಂದು ಹೆಸರಿನಿಂದ ಮುಂದುವರಿಸುತ್ತಾನೆಯೆ? ಈ ಪ್ರಶ್ನೆಗೆ ಥಾಮಸ್ ಮನ್ರೋನ ಬಾಳಿನಷ್ಟು ಒಳ್ಳೆಯ ಉದಾಹರಣೆ ಕನ್ನಡನಾಡಿನ ಇತಿಹಾಸದಲ್ಲಿ ಮತ್ತೊಂದು ಸಿಕ್ಕುವುದು ಕಷ್ಟ.

ಆತ ಹುಟ್ಟಿದ್ದು ೧೭೬೧ರ ಮೇ ೨೭ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಮೆರಿಕದ ವರ್ಜೀನಿಯಾದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಸ್ಥಿತಿವಂತ. ಅಮೆರಿಕದ ಸ್ವಾತಂತ್ರ್ಯ ಯುದ್ಧ ಆರಂಭವಾದೊಡನೆ ಆ ವ್ಯಾಪಾರ ಮುಳುಗಿತು, ಮನೆ ಬಡವಾಯಿತು. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಆಗಿ ಹಡಗು ಹತ್ತಿ, ೧೭೮೦ರ ಜನವರಿಯಲ್ಲಿ ಮದರಾಸಿನಲ್ಲಿ ಇಳಿದನು. ಆಗ ಅವನಿಗೆ ಹದಿನೆಂಟು ವರ್ಷ.

ಇಳಿದೊಡನೆ ಅವನಿಗೆ ಆದ ಅನುಭವ ಸ್ವಾರಸ್ಯವಾದುದು. ಗೌರವಸ್ಥನಂತೆ ಕಾಣುತ್ತಿದ್ದ ವಯಸ್ಸಾದ ಸೇವಕನೊಬ್ಬನು ಹಿಂದಿನ ಯಜಮಾನರ ಯೋಗ್ಯತಾಪತ್ರಗಳನ್ನು ಕೈಯಲ್ಲಿ ಹಿಡಿದು ಬಂದನು. ಹುಡುಗನ ಪೆಟ್ಟಿಗೆಯಲ್ಲಿದ್ದ ಬಟ್ಟೆಗಳನ್ನು ನೋಡಿ, ಇವು ಈ ದೇಶದ ಸೆಕೆಗೆ ತಕ್ಕವಲ್ಲ, ಇವನ್ನು ಮಾರಿ ಬೇರೆ ಬಟ್ಟೆ ಹೊಲಿಸಬೇಕೆಂದು ಬುದ್ಧಿ ಹೇಳಿದನು. ಬಟ್ಟೆಯನ್ನೂ, ಹೊಸ ಬಟ್ಟೆಗೆಂದು ಸ್ವಲ್ಪ ಹಣವನ್ನೂ ಹೊತ್ತುಕೊಂಡು ಹೋದವನು ತಿರುಗಿ ಬರಲಿಲ್ಲ. ಮುಂದೆ ಯಾರ ಮಾತು ಎಷ್ಟು ನಿಜವೆಂದು ತೂಗುವುದನ್ನೇ ಜೀವನೋಪಾಯ ಮಾಡಿಕೊಂಡವನು ಈ ದೇಶದಲ್ಲಿ ಕಲಿತ ಮೊದಲನೆಯ ಪಾಠ ಇದು. ಆತನೇ ಇದನ್ನು ಮನೆಗೆ ಬರೆದು ನಕ್ಕಿದ್ದಾನೆ.

ಅದೇ ವರ್ಷ ಹೈದರಾಲಿ ಘಟ್ಟವಿಳಿದು ಕರ್ನಾಟಕ ಪಾಯಿನಘಾಟಿನ ಮೇಲೆ ಬಿದ್ದನು. ಪೊಳ್ಳಿಲೂರಿನಲ್ಲಿ ಬೈಲಿಯ ದಳ ನಾಶವಾಯಿತು. ಹೈದರಾಲಿಯ ಬೃಹತ್ ಸೈನ್ಯ ಎಲ್ಲಿದೆ, ಯಾವ ದಾರಿಯಲ್ಲಿ ಬರುತ್ತಿದೆ ಎಂಬುದೇ ಕಂಪನಿಯವರಿಗೆ ಸಕಾಲದಲ್ಲಿ ತಿಳಿಯುತ್ತಿರಲಿಲ್ಲ. ಕಂಪನಿಯ ಬಳಿ ತುಪಾಕಿಯಿತ್ತು, ಮದ್ದಿತ್ತು, ಶಿಸ್ತಿತ್ತು, ಸುದ್ದಿಯೊಂದು ಇರಲಿಲ್ಲ. ಕಾಲಾಳು ದಳದ ಕಿರಿಯ ಅಧಿಕಾರಿಯಾಗಿ ಆ ಯುದ್ಧವನ್ನು ಕಣ್ಣಾರೆ ಕಂಡ ಮನ್ರೋ ಅನಂತರದ ಬಿಡುವಿನ ವರ್ಷಗಳನ್ನು ಹಿಂದೂಸ್ತಾನಿ ಮತ್ತು ಪಾರಸಿ ಭಾಷೆಗಳಿಗೆ ಕೊಟ್ಟನು. ಅವನ ಜೊತೆಯವರು ಜೂಜಿನಲ್ಲಿ ಹೊತ್ತು ಕಳೆಯುತ್ತಿದ್ದರೆ ಈತ ಮುನ್ಷಿಯ ಮುಂದೆ ಕುಳಿತಿರುತ್ತಿದ್ದನು. ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ದಲ್ಲಿ ಬರುವ ಒಂದು ಪೌಂಡು ಮಾಂಸದ ಕಥೆಯನ್ನು ಹೋಲುವ ಕಥೆಯೊಂದು ಪಾರಸಿಯ ಹಸ್ತಪ್ರತಿಯಲ್ಲಿ ಕಂಡಾಗ, ಅದನ್ನು ಅನುವಾದಿಸಿ ಊರಿಗೆ ಕಳುಹಿಸುವಷ್ಟು ಆಸಕ್ತಿ ಅವನಿಗಿತ್ತು.

ಈ ಭಾಷಾಜ್ಞಾನವೇ ಅವನನ್ನು ಬೇಹಿನ ಇಲಾಖೆಗೆ ಎಳೆದುತಂದಿತು. ೧೭೮೮ರಲ್ಲಿ ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಎಂಬವನ ಕೈಕೆಳಗೆ ಸುದ್ದಿ ಸಂಗ್ರಹದ ಕೆಲಸಕ್ಕೆ ಅವನ ನೇಮಕವಾಯಿತು. ನಿಜಾಮನಿಂದ ಗುಂಟೂರು ಕಂಪನಿಯ ವಶಕ್ಕೆ ಬರುತ್ತಿದ್ದ ಸಮಯ ಅದು. ಅಲ್ಲಿಂದ ರೀಡ್ ಮತ್ತು ಮನ್ರೋ ಇಬ್ಬರೂ ಆಂಬೂರಿಗೆ ಬಂದು ನೆಲೆಸಿದರು. ಆಂಬೂರು ಕಂಪನಿಯ ಗಡಿಯೂರು. ಅದರಾಚೆಗೆ ಟೀಪುವಿನ ಬಾರಾಮಹಲ್. ಅದರ ಮೇಲೆ ಘಟ್ಟ. ಘಟ್ಟದ ಮೇಲೆ ಮೈಸೂರು.

ಪತ್ತೇದಾರಿ ಕಾದಂಬರಿಗಳ ಪರಿಚಯವುಳ್ಳ ಓದುಗರು ಇಲ್ಲಿ ಕೃತಕ ಗಡ್ಡವನ್ನಾಗಲಿ, ನಡುರಾತ್ರಿಯ ಕುದುರೆ ಸವಾರಿಯನ್ನಾಗಲಿ ನಿರೀಕ್ಷಿಸಬಾರದು. ನಿಜವಾದ ಬೇಹುಗಾರಿಕೆಯ ಬಹುಭಾಗ ಬರವಣಿಗೆ. ಹರಿಕಾರರೆಂದು ಕರೆಯಲ್ಪಡುತ್ತಿದ್ದ ಸುದ್ದಿಗಾರರು ಕಣಿವೆಗಳನ್ನು ಹತ್ತಿ ಹೋಗಿ ಬರುತ್ತಿದ್ದರು. ಯಾವ ಕೋಟೆಯಲ್ಲಿ ಎಷ್ಟು ಜನ, ಯಾವ ಕೆರೆಯಲ್ಲಿ ಎಷ್ಟು ನೀರು, ಯಾವ ಹಳ್ಳಿಯಲ್ಲಿ ದನಕ್ಕೆ ಮೇವುಂಟು, ಯಾವ ಅಮಲ್ದಾರನಿಗೆ ಸುಲ್ತಾನನ ಮೇಲೆ ಅಸಮಾಧಾನವುಂಟು—ಇವೆಲ್ಲವನ್ನೂ ಬಾಯಿಯಿಂದ ಬಾಯಿಗೆ ತಂದು ಒಪ್ಪಿಸುತ್ತಿದ್ದರು. ಒಬ್ಬನು ಹೇಳಿದ್ದನ್ನು ಇನ್ನೊಬ್ಬನು ಹೇಳಿದ್ದರೊಡನೆ ಹೋಲಿಸಿ, ಭಯದಿಂದ ಹುಟ್ಟಿದ ಸುಳ್ಳನ್ನೂ ಬಹುಮಾನದ ಆಸೆಯಿಂದ ಹುಟ್ಟಿದ ಸುಳ್ಳನ್ನೂ ಸೋಸಿ, ಉಳಿದುದನ್ನು ಕಾಗದಕ್ಕೆ ಇಳಿಸುವುದು ರೀಡ್ ಮತ್ತು ಮನ್ರೋ ಅವರ ಕೆಲಸ. ಸಿಕ್ಕಿಬಿದ್ದರೆ ಪ್ರಾಣ ಹೋಗುತ್ತಿದ್ದುದು ಹರಿಕಾರರದು. ಅವರ ಹೆಸರುಗಳನ್ನು ಇಂದು ಯಾರೂ ಹೇಳುವುದಿಲ್ಲ. ಬರೆದವರಿಬ್ಬರ ಹೆಸರು ಇತಿಹಾಸದಲ್ಲಿ ನಿಂತಿದೆ. ಈ ಕಸುಬಿನಲ್ಲಿ ಎಲ್ಲೆಡೆಯೂ ಇರುವ ಅನ್ಯಾಯ ಇದು.

ಸುದ್ದಿಯ ಬೆಲೆ ಎಷ್ಟೆಂಬುದು ೧೭೯೧ರಲ್ಲಿ ಎಲ್ಲರಿಗೂ ಗೊತ್ತಾಯಿತು. ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಕಾರ್ನ್‌ವಾಲಿಸ್ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೆ ಹೋಗಿ, ಅನ್ನವಿಲ್ಲದೆ, ಮೇವಿಲ್ಲದೆ, ದನಗಳು ಸತ್ತು ಬೀಳುತ್ತಿರಲು, ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆದುಹಾಕಿ ಹಿಂದಿರುಗಿದನು. ಹಾಗೆ ಹಿಂದಿರುಗುವಾಗ ದಾರಿಯಲ್ಲಿ ದೊಡ್ಡದೊಂದು ಕುದುರೆಯ ದಂಡು ಎದುರಾಯಿತು. ಶತ್ರುಗಳೆಂದು ಭಾವಿಸಿ ಯುದ್ಧಕ್ಕೆ ಸಿದ್ಧರಾದರೆ, ಬಂದವರು ಸ್ನೇಹಿತರಾದ ಮರಾಠರು! ಅವರ ಬಳಿ ಬೇಕಾದಷ್ಟು ದವಸವಿತ್ತು. ಕೆಲವೇ ದಿನ ಮುಂಚೆ ತಿಳಿದಿದ್ದರೆ ಫಿರಂಗಿ ಉಳಿಯುತ್ತಿತ್ತು. ಟೀಪುವಿನ ಸವಾರರು ನಡುವೆ ಸುಳಿದಾಡಿ ಒಬ್ಬ ಸುದ್ದಿಗಾರನನ್ನೂ ದಾಟಗೊಡದೆ ಇದ್ದುದರಿಂದ, ಎರಡು ಮಿತ್ರಸೈನ್ಯಗಳು ಕಣ್ಣುಕಟ್ಟಿದವರಂತೆ ಒಂದನ್ನೊಂದು ಅರಿಯದೆ ನಡೆಯುತ್ತಿದ್ದವು. ಆ ವಿದ್ಯೆಯಲ್ಲಿ ಸುಲ್ತಾನನು ಕಂಪನಿಯವರಿಗಿಂತ ಒಂದು ಕೈ ಮೇಲಾಗಿದ್ದನೆಂದು ಒಪ್ಪಬೇಕಾಗುತ್ತದೆ.

೧೭೯೨ರ ಒಪ್ಪಂದದಿಂದ ಬಾರಾಮಹಲ್ ಕಂಪನಿಗೆ ಬಂದಿತು. ಅದನ್ನು ಆಳುವುದಕ್ಕೆ ಕಾರ್ನ್‌ವಾಲಿಸ್ ಮದರಾಸಿನ ಸಿವಿಲ್ ಅಧಿಕಾರಿಗಳನ್ನು ಕಳುಹಿಸಲಿಲ್ಲ. ಅವರಿಗೆ ದೇಶಭಾಷೆ ಬಾರದು. ರೀಡನನ್ನೇ ಮುಖ್ಯನನ್ನಾಗಿ ಮಾಡಿ, ಮನ್ರೋ ಮೊದಲಾದ ಮೂವರು ಸೈನಿಕರನ್ನು ಅವನಿಗೆ ಸಹಾಯಕರನ್ನಾಗಿ ಕೊಟ್ಟನು. ಹೀಗೆ ಬೇಹಿನ ಕಚೇರಿ ಒಂದು ದಿನದಲ್ಲಿ ಕಂದಾಯದ ಕಚೇರಿಯಾಯಿತು. ಕೇಳುವ ಪ್ರಶ್ನೆಗಳು ಕೂಡ ಹೆಚ್ಚು ಬದಲಾಗಲಿಲ್ಲ. ಕೆರೆಯಲ್ಲಿ ಎಷ್ಟು ನೀರು? ಹೊಲದಲ್ಲಿ ಎಷ್ಟು ಬೆಳೆ? ಗೌಡನು ಹೇಳುವುದು ನಿಜವೋ ಶಾನುಭೋಗನ ಲೆಕ್ಕ ನಿಜವೋ? ಹಿಂದೆ ಸೈನ್ಯಕ್ಕಾಗಿ ಕೇಳುತ್ತಿದ್ದುದನ್ನು ಈಗ ಖಜಾನೆಗಾಗಿ ಕೇಳತೊಡಗಿದರು. ನಡುವೆ ಜಮೀನ್ದಾರನನ್ನಿಡದೆ ಒಬ್ಬೊಬ್ಬ ರೈತನ ಹೊಲಕ್ಕೂ ಬೇರೆಬೇರೆ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿ ಮೊಳೆತದ್ದು ಇಲ್ಲಿ. ಹರಿಕಾರರ ವರದಿಯನ್ನು ಸೋಸಿ ಪಳಗಿದ ಕೈಗಳಿಗಲ್ಲದೆ ಬೇರೆಯವರಿಗೆ ಅಂಥ ಪದ್ಧತಿ ಹೊಳೆಯುತ್ತಲೂ ಇರಲಿಲ್ಲವೇನೋ.

ಶ್ರೀರಂಗಪಟ್ಟಣ ೧೭೯೯ರಲ್ಲಿ ಬಿದ್ದಮೇಲೆ ಮೈಸೂರನ್ನು ಹಂಚುವ ಸಮಿತಿಗೆ ಜಾನ್ ಮಾಲ್ಕಮನೊಡನೆ ಮನ್ರೋ ಕಾರ್ಯದರ್ಶಿಯಾದನು. ಬಳಿಕ ಕನ್ನಡ ಜಿಲ್ಲೆಗೆ ಹೋದನು. ಅಲ್ಲಿಯ ಮಳೆಯೂ ಅವನಿಗೆ ಹಿಡಿಸಲಿಲ್ಲ. ಕೂಟ ಕಟ್ಟಿ ಕಂದಾಯಕ್ಕೆ ಎದುರು ನಿಂತ ಅಲ್ಲಿಯ ಒಕ್ಕಲುಗಳೂ ಹಿಡಿಸಲಿಲ್ಲ. ಬೇಗನೆ ವರ್ಗ ಮಾಡಿಸಿಕೊಂಡು ಹೊರಟನು.

ಅವನು ಹೊರಟು ಬಂದದ್ದು ತುಂಗಭದ್ರೆಯ ದಡಕ್ಕೆ. ೧೮೦೦ರ ಅಕ್ಟೋಬರಿನಲ್ಲಿ ನಿಜಾಮನು ತನ್ನ ರಕ್ಷಣೆಗಿದ್ದ ಕಂಪನಿಯ ಸೈನ್ಯದ ಖರ್ಚಿಗಾಗಿ, ಮೈಸೂರಿನ ಯುದ್ಧಗಳಲ್ಲಿ ತನಗೆ ದೊರೆತಿದ್ದ ಸೀಮೆಗಳನ್ನು ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪ ಮೊದಲಾದ ಈ ಭಾಗಗಳಿಗೆ ದತ್ತಮಂಡಲವೆಂಬ ಹೆಸರು ನಿಂತಿತು. ಒಪ್ಪಂದದಲ್ಲಿ ಒಂದು ಸಣ್ಣ ವಿನಿಮಯವಿತ್ತು. ಗಡಿ ಸರಳವಾಗಿರಲೆಂದು, ನದಿಯ ಉತ್ತರದ ಕೊಪ್ಪಳ, ಗಜೇಂದ್ರಗಡಗಳನ್ನು ನಿಜಾಮನಿಗೆ ಬಿಟ್ಟು, ದಕ್ಷಿಣದ ಆದವಾನಿಯನ್ನು ಕಂಪನಿ ತೆಗೆದುಕೊಂಡಿತು. ಆದವಾನಿಯೊಡನೆ ಅದರ ಸೀಮೆಯ ಮಂಚಾಲೆಯೆಂಬ ಹಳ್ಳಿಯೂ, ಎಂದರೆ ಇಂದಿನ ಮಂತ್ರಾಲಯವೂ, ಈಚೆಗೆ ಬಂದಿತು. ರಾಯಚೂರು, ಮಾನ್ವಿ, ದೇವದುರ್ಗಗಳು ಆಚೆಗೆ ನಿಜಾಮನಲ್ಲಿಯೇ ಉಳಿದವು. ಅಂದಿನವರೆಗೆ ಸ್ನಾನಕ್ಕೂ ದೋಣಿಗೂ ಇದ್ದ ಹೊಳೆ ಎರಡು ರಾಜ್ಯಗಳ ಗಡಿಯಾಯಿತು.

ಉತ್ತರದ ದಡದಲ್ಲಿ ಆಗ, ಮಾನ್ವಿಯಲ್ಲಿ, ಹರಿಕಥಾಮೃತಸಾರದ ಕರ್ತೃ ಜಗನ್ನಾಥದಾಸರು ಇನ್ನೂ ಬದುಕಿದ್ದರು. ಅವರು ತೀರಿಕೊಂಡದ್ದು ೧೮೦೯ರಲ್ಲಿ. ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಆ ಸೀಮೆಯ ನಂಬಿಕೆ. ರಾಯರಲ್ಲಿ ಅಪಾರ ಭಕ್ತಿಯುಳ್ಳ ಈ ದಾಸರ ಸೀಮೆಗೂ ರಾಯರ ಬೃಂದಾವನಕ್ಕೂ ನಡುವೆ ಈಗ ಎರಡು ಸರಕಾರಗಳು ಬಂದವು. ಭಕ್ತರು ಅದನ್ನು ಲಕ್ಷ್ಯಕ್ಕೆ ತಂದುಕೊಂಡಂತೆ ತೋರುವುದಿಲ್ಲ.

ಮನ್ರೋಗೆ ದತ್ತಮಂಡಲದಲ್ಲಿ ದೊರೆತದ್ದು ಹೂವಿನ ಹಾಸಿಗೆಯಲ್ಲ. ಸುಮಾರು ಎಂಬತ್ತು ಪಾಳೆಯಗಾರರು, ಅವರ ಕೈಯಲ್ಲಿ ಮೂವತ್ತು ಸಾವಿರ ಆಯುಧಧಾರಿಗಳು. ಅವರನ್ನು ಅವನು ದಾಕ್ಷಿಣ್ಯವಿಲ್ಲದೆ ಮುರಿದನು. ಕೆಲವರಿಗೆ ಪಿಂಚಣಿ ಕೊಟ್ಟು ಕೂರಿಸಿದನು, ಕೆಲವರನ್ನು ಊರು ಬಿಡಿಸಿದನು. ಅವನ ಕಾಠಿಣ್ಯ ಲಂಡನ್ನಿನ ಡೈರೆಕ್ಟರುಗಳಿಗೂ ಅತಿಯೆನಿಸಿ, ಸಮಜಾಯಿಷಿ ಕೇಳಿದರು. ಅದೇ ಮನುಷ್ಯ ಹಳ್ಳಿಹಳ್ಳಿಗೆ ಕಾವಲುಗಾರರಿಲ್ಲದೆ ಹೋಗಿ, ಡೇರೆಯ ಮುಂದೆ ಬೆಳಗಿನಿಂದ ರೈತರನ್ನು ಕೂಡಿಸಿಕೊಂಡು ಅವರ ದೂರು ಕೇಳುತ್ತಿದ್ದನು. ಎಡೆಬಿಡದೆ ಏಳು ವರ್ಷ ಹೀಗೆ ಕೇಳಿದನು. ೧೮೦೨ರಲ್ಲಿ ಆರಂಭಿಸಿ ಸೀಮೆಯ ಹೊಲಗಳನ್ನೆಲ್ಲ ಅಳೆಸಿದನು.

ಅಷ್ಟು ಪ್ರೀತಿಯಿಂದ ಕೇಳಿದ್ದರ ಫಲವೇನೆಂದು ನೋಡಿದರೆ, ಆ ಏಳು ವರ್ಷಗಳಲ್ಲಿ ಕಂದಾಯದ ಹುಟ್ಟುವಳಿ ಸುಮಾರು ಅರ್ಧದಷ್ಟು ಏರಿತ್ತು! ಹೊಲದ ಗುಟ್ಟೆಲ್ಲ ತಿಳಿದವನಿಗೆ ಅಡಗಿಸುವುದಾದರೂ ಏನನ್ನು? ನೂರಕ್ಕೆ ನಲವತ್ತೈದು ಪಾಲು ಸರಕಾರಕ್ಕೆಂದು ಗೊತ್ತಾಗಿತ್ತು. ಇಲ್ಲಿ ಮನ್ರೋನ ಇನ್ನೊಂದು ಮುಖವೂ ಕಾಣುತ್ತದೆ. ೧೮೦೭ರಲ್ಲಿ ಊರಿಗೆ ಹೊರಡುವ ಮುಂಚೆ, ಈ ಭಾರ ಹೆಚ್ಚಾಯಿತು, ಕಾಲುಭಾಗ ಇಳಿಸಿರಿ ಎಂದು ಅವನೇ ಬರೆದನು. ಮೇಲಿನವರು ಕೇಳಲಿಲ್ಲ. ಗುಟ್ಟನ್ನು ಹೊರಗೆಳೆಯಲು ಕಲಿಸಿದ ಸರಕಾರ, ಅದೇ ಮನುಷ್ಯ ರೈತನ ಕಷ್ಟವನ್ನು ವರದಿ ಮಾಡಿದಾಗ ಕಿವುಡಾಯಿತು. ಮುಂದೆ ತಾನೇ ಗವರ್ನರನಾದಮೇಲೆ ಆ ಇಳಿತವನ್ನು ಜಾರಿಗೆ ತಂದನು.

ಮಂತ್ರಾಲಯದ ಕಥೆ ಈ ಕಲೆಕ್ಟರಿಯ ಕಾಲದ್ದು. ಇನಾಮು ಭೂಮಿಗಳ ಪರಿಶೋಧನೆ ಆಗ ನಡೆಯುತ್ತಿದ್ದುದು ನಿಜ. ಯಾರಿಗೆ ಯಾವ ಸನದು, ಯಾವ ನವಾಬನು ಕೊಟ್ಟದ್ದು ಎಂದು ವಿಚಾರಿಸುತ್ತಿದ್ದರು. ಮಠದ ಮಾನ್ಯದ ಪ್ರಶ್ನೆ ಬಂದಾಗ ಸಾಹೇಬನು ತಾನೇ ಬಂದನಂತೆ. ಟೋಪಿಯನ್ನೂ ಪಾದರಕ್ಷೆಯನ್ನೂ ಹೊರಗಿಟ್ಟು ಬೃಂದಾವನದ ಮುಂದೆ ನಿಂತನಂತೆ. ನಿಂತವನು ಮಾತಾಡತೊಡಗಿದನು; ಜೊತೆಯಲ್ಲಿದ್ದವರಿಗೆ ಅವನ ಮಾತು ಮಾತ್ರ ಕೇಳಿಸುತ್ತಿತ್ತು, ಅವನಿಗೆ ಉತ್ತರ ಕೊಡುತ್ತಿದ್ದವರು ಯಾರೆಂದು ಕಾಣಿಸುತ್ತಿರಲಿಲ್ಲ. ೧೬೭೧ರಲ್ಲಿ ಬೃಂದಾವನಸ್ಥರಾದ ರಾಯರು ಅವನಿಗೆ ದರ್ಶನವಿತ್ತು, ವಿಷಯ ವಿವರಿಸಿ, ಮಂತ್ರಾಕ್ಷತೆ ಕೊಟ್ಟರೆಂದೂ, ಆತ ಮಠದ ಭೂಮಿಯನ್ನು ಮಠಕ್ಕೇ ಬಿಡುವಂತೆ ಆಜ್ಞೆ ಮಾಡಿದನೆಂದೂ ಕಥೆ.

ಈ ಕಥೆಯನ್ನು ಸಾಕ್ಷ್ಯಗಳ ತಕ್ಕಡಿಯಲ್ಲಿ ತೂಗುವುದು ಈ ಲೇಖನದ ಉದ್ದೇಶವಲ್ಲ. ಗಮನಿಸಬೇಕಾದುದು ಬೇರೊಂದು. ಸುದ್ದಿ ಹಿಡಿಯುವುದರಲ್ಲಿ ಪಳಗಿದ ಒಬ್ಬನಿಗೆ ಜನ ಕಟ್ಟಿಕೊಟ್ಟ ಸ್ಥಾನ ಎಂಥದು! ಸುತ್ತಲಿನವರಿಗೆ ಕೇಳಿಸದುದನ್ನು ಕೇಳಿಸಿಕೊಂಡವನೆಂದು ಅವನನ್ನು ನೆನಪಿಡುತ್ತಾರೆ. ತಮ್ಮ ಹೊಲವನ್ನು ಅಳೆದವನು, ಕಂದಾಯ ಏರಿಸಿದವನು ಎಂಬುದನ್ನು ಮರೆತು, ಹೇಳಿದ್ದನ್ನು ಕೇಳಿ ಹಿಂದಿರುಗಿದನೆಂಬ ಒಂದನ್ನೇ ಉಳಿಸಿಕೊಂಡಿದ್ದಾರೆ. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಟ್ಟದ್ದೂ ಉಂಟು. ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಆ ಹೆಸರು ಯಾರೂ ಇಟ್ಟಂತಿಲ್ಲ.

ಅನಂತರದ ರಾಜಕೀಯವನ್ನು ಬೇಗ ಹೇಳಿ ಮುಗಿಸಬಹುದು. ಇಂಗ್ಲೆಂಡಿನಲ್ಲಿದ್ದಾಗ, ೧೮೧೩ರಲ್ಲಿ, ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ಹೇಳಿ, ಭಾರತೀಯರು ಅನಾಗರಿಕರೆಂಬ ಮಾತನ್ನು ಅಲ್ಲಗಳೆದನು. ೧೮೧೭-೧೮ರ ಮರಾಠಾ ಯುದ್ಧದಲ್ಲಿ ಧಾರವಾಡದ ಸೀಮೆಗೆ ಬಂದಾಗ ಅವನ ಬಳಿ ಸೈನ್ಯವೇ ಅತ್ಯಲ್ಪ. ಸ್ಥಳೀಯ ಅಮಲ್ದಾರರನ್ನು ನೇಮಿಸಿ, ಅವರಿಗೆ ಜವಾನರನ್ನು ಕೊಟ್ಟು, ಪೇಶ್ವೆಯ ಅಧಿಕಾರಿಗಳನ್ನು ಹಳ್ಳಿಗಳಿಂದ ಹೊರಡಿಸಿದನು. ಕೋಟೆಗಳಿಗಿಂತ ಮುಂಚೆ ಕಂದಾಯವೇ ಅವನ ಕೈಗೆ ಬಂದಿತು. ಬಾದಾಮಿಯೂ ಬೆಳಗಾವಿಯೂ ಆಮೇಲೆ ಬಿದ್ದವು. ಇದು ಸೇನಾಪತಿಯ ಯುದ್ಧವೆನ್ನುವುದಕ್ಕಿಂತ ಹಳೆಯ ಬೇಹುಗಾರನ ಯುದ್ಧವೆಂದರೆ ಸರಿಹೋಗುತ್ತದೆ.

೧೮೨೦ರಲ್ಲಿ ಮದರಾಸಿನ ಗವರ್ನರನಾದನು. ಎರಡೇ ವರ್ಷಗಳಲ್ಲಿ, ೧೮೨೨ರಲ್ಲಿ, ಎರಡು ಕೆಲಸ ಮಾಡಿದನು. ಒಂದು, ಪ್ರಾಂತದ ಊರೂರಿನಲ್ಲಿಯೂ ಎಷ್ಟು ಶಾಲೆಗಳಿವೆ, ಅಲ್ಲಿ ಏನನ್ನು ಓದಿಸುತ್ತಾರೆ, ಯಾವ ಜಾತಿಯ ಮಕ್ಕಳು ಎಷ್ಟು ಎಂದು ಕಲೆಕ್ಟರುಗಳಿಂದ ಲೆಕ್ಕ ತರಿಸಿದನು. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ ೧೮೨೩ರಲ್ಲಿ ಕಳುಹಿಸಿದ ಉತ್ತರ, ಅಂದಿನ ಜಗಲಿಶಾಲೆಗಳನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುತ್ತದೆ. ಇನ್ನೊಂದು, ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡಕೂಡದೆಂದು ಕಟ್ಟುನಿಟ್ಟಾಗಿ ಬರೆದನು. ಪರಕೀಯರ ಆಳ್ವಿಕೆಯೂ ಸ್ವತಂತ್ರ ಪತ್ರಿಕೆಯೂ ಒಟ್ಟಿಗೆ ಬಾಳಲಾರವು. ಸುದ್ದಿ ದೇಶೀಯ ಸಿಪಾಯಿಗಳಿಗೆ ಮುಟ್ಟಿದ ದಿನ ರಾಜ್ಯ ಹೋಯಿತು ಎಂಬುದು ಅವನ ವಾದದ ಸಾರ. ಪ್ರಜೆಗಳ ಸುದ್ದಿಯೆಲ್ಲ ತನಗೆ ಬೇಕು, ಪ್ರಜೆಗಳಿಗೆ ಮಾತ್ರ ಸುದ್ದಿ ಬೇಡ! ಆಂಬೂರಿನ ಪಾಠವನ್ನು ಅವನು ಮರೆತಿರಲಿಲ್ಲ. ಆದರೂ ೧೮೨೪ರ ಟಿಪ್ಪಣಿಯಲ್ಲಿ, ಭಾರತೀಯರಿಗೆ ಉನ್ನತ ಹುದ್ದೆಗಳನ್ನು ಕೊಡಬೇಕೆಂದೂ, ಅವರು ತಮ್ಮನ್ನು ತಾವು ಆಳಿಕೊಳ್ಳುವ ಕಾಲ ಬಂದಾಗ ಇಂಗ್ಲಿಷರು ಬಿಟ್ಟು ಹೋಗುವುದೇ ಲೇಸೆಂದೂ ಬರೆದವನು ಇದೇ ಮನ್ರೋ. ಎರಡು ಮಾತುಗಳೂ ಒಬ್ಬನವೇ. ಅವನನ್ನು ಕೇವಲ ಹೊಗಳುವವರು ಮೊದಲನೆಯದನ್ನು ಬಿಡುತ್ತಾರೆ, ಕೇವಲ ತೆಗಳುವವರು ಎರಡನೆಯದನ್ನು.

ರಾಜೀನಾಮೆ ಕೊಟ್ಟಿದ್ದರೂ ಬರ್ಮಾದ ಯುದ್ಧ ಅವನನ್ನು ತಡೆದು ನಿಲ್ಲಿಸಿತು. ಯುದ್ಧ ಮುಗಿದು, ಊರಿಗೆ ಹೊರಡುವ ಮುಂಚೆ ದತ್ತಮಂಡಲವನ್ನು ಇನ್ನೊಮ್ಮೆ ಕಣ್ತುಂಬ ನೋಡಬೇಕೆಂದು ೧೮೨೭ರ ಬೇಸಗೆಯಲ್ಲಿ ಹೊರಟನು. ಕಡಪದ ಕಡೆಯ ಕಣಿವೆಯೊಂದರಲ್ಲಿ ಅವನು ತಲೆಯೆತ್ತಿ, ಎರಡು ಬೆಟ್ಟಗಳ ನಡುವೆ ಕಟ್ಟಿದ ಬಂಗಾರದ ತೋರಣ ಎಷ್ಟು ಚೆನ್ನಾಗಿದೆ ಎಂದನಂತೆ. ಬೇರೆ ಯಾರಿಗೂ ಅದು ಕಾಣಲಿಲ್ಲ. ಸಾವು ಹತ್ತಿರವಾದವರಿಗಷ್ಟೇ ಅದು ಕಾಣುವುದೆಂದು ಅಲ್ಲಿಯ ಮುದುಕರು ತಮ್ಮತಮ್ಮೊಳಗೆ ಹೇಳಿಕೊಂಡರಂತೆ.

ಗುತ್ತಿಯಲ್ಲಿ ಬೆಂಗಾವಲಿನವರಿಗೆ ಕಾಲರಾ ತಗಲಿತು. ಜುಲೈ ೬ರಂದು ಪತ್ತಿಕೊಂಡದ ಬಿಡಾರದಲ್ಲಿ ಬೆಳಗಿನಲ್ಲಿ ಗವರ್ನರನಿಗೂ ಅದೇ ಬೇನೆ ಕಾಣಿಸಿಕೊಂಡಿತು, ರಾತ್ರಿಯಾಗುವಷ್ಟರಲ್ಲಿ ಮುಗಿಯಿತು. ಗುತ್ತಿಯಲ್ಲಿ ಹೂಳಿದರು. ೧೮೩೧ರಲ್ಲಿ ಮದರಾಸಿನ ಕೋಟೆಯ ಇಗರ್ಜಿಗೆ ಅವಶೇಷವನ್ನು ಸಾಗಿಸಿದರು. ನಗರದ ಮೌಂಟ್ ರಸ್ತೆಯಲ್ಲಿ ರಿಕಾಪಿಲ್ಲದ ಕುದುರೆಯ ಮೇಲೆ ಕುಳಿತ ಅವನ ಪ್ರತಿಮೆ ಎಲ್ಲರಿಗೂ ಗೊತ್ತು. ಪತ್ತಿಕೊಂಡದಲ್ಲಿ ಸರಕಾರ ಮಾಡಿಸಿದ್ದು ಅಷ್ಟು ದೊಡ್ಡದಲ್ಲ: ಅವನ ನೆನಪಿಗೆ ಒಂದು ಮರದ ತೋಪು, ದಾರಿಹೋಕರಿಗೆ ನೀರು ಸಿಗಲೆಂದು ಮೆಟ್ಟಿಲಿಟ್ಟ ಒಂದು ಬಾವಿ.